ಕೈ ಒಳಗಿಟ್ಕೊಳ್ಳಿ

ಸ್ಫೂರ್ತಿ ನನಗೆ ಕಣ್ಣು ಹೊಡೆದಳು ಎಂದೇ ನಾನು ನಂಬಿದ್ದೆ. ತರೀಕೆರೆ ಬಸ್ ಸ್ಟ್ಯಾಂಡಿನಲ್ಲಿ, ಸಂಜೆ ಬಿಸಿಲು ಇನ್ನೂ ಇರುವಾಗಲೇ, ಅಷ್ಟು ಜನರ ಎದುರಿಗೆ.

ನಾನು ‘ಬೃಂದಾ’ ಬಸ್ಸಿನ ಕಂಡಕ್ಟರ್. ಬೃಂದಾ ನಮ್ಮ ಓನರ್ ಮಗಳು. ಬಸ್ಸಿಗೂ ಅವಳಿಗೂ ಒಂದೇ ವಯಸ್ಸು ಎಂದು ಡ್ರೈವರ್ ಓಂಕಾರೇಶಣ್ಣ ಗೇರ್ ಬೀಳದಾಗಲೆಲ್ಲ ಗೊಣಗುತ್ತಿದ್ದ. ಆ ದಿನ ಬಾಗಿಲಿಗೆ ಜೋತುಬಿದ್ದು ‘ಅಜ್ಜಂಪುರ, ಅಜ್ಜಂಪುರ, ಅಂತರಘಟ್ಟೆ’ ಎಂದು ಕೂಗುತ್ತಿದ್ದೆ. ಕಬ್ಬಿನ ಹಾಲಿನ ಗಾಡಿಯ ಪಕ್ಕ ಸಾಸಿವೆ ಬಣ್ಣದ ಚೂಡಿದಾರದ ಹುಡುಗಿಯೊಬ್ಬಳು ನಿಂತಿದ್ದಳು. ನನ್ನ ಕಡೆಗೇ ನೋಡಿದಳು. ಕತ್ತು ತುಸು ಓರೆ ಮಾಡಿ, ಮೂಗು ಮುದುರಿ, ಬಲಗಣ್ಣು ಮುಚ್ಚಿದಳು. ಹಾಗೆ ಮುಚ್ಚುವಾಗ ಕೆನ್ನೆ ಮೇಲೆದ್ದು ತುಟಿಯಂಚಿನಲ್ಲಿ ನಗು ಬಂದ ಹಾಗಾಯಿತು.

ನನ್ನ ಬಾಯಲ್ಲಿದ್ದ ಅಜ್ಜಂಪುರ ಅರ್ಧಕ್ಕೇ ನಿಂತಿತು.

ಮರುದಿನವೂ ಅದೇ ಜಾಗ, ಅದೇ ಓರೆ ಕತ್ತು, ಅದೇ ಬಲಗಣ್ಣು. ಅದರ ಮರುದಿನ ನಾನು ಖಾಕಿ ಶರ್ಟಿಗೆ ಇಸ್ತ್ರಿ ಹಾಕಿಸಿಕೊಂಡು ಬಂದೆ. ಮುಂದಿನ ಕಿಟಕಿ ಸೀಟಿಗೆ ನನ್ನ ಟವೆಲ್ ಹಾಕಿ ಹಿಡಿದಿಟ್ಟೆ. ಧೈರ್ಯ ಮಾಡಿ ನಾನೂ ಒಂದು ಸಲ ಕಣ್ಣು ಹೊಡೆದೆ. ಅವಳು ಕಂಬವನ್ನು ದಾಟುವ ಹಾಗೆ ನನ್ನನ್ನು ದಾಟಿಕೊಂಡು ಹತ್ತಿ ಕೂತಳು.

“ಹುಡುಗಿ ಗಟ್ಟಿ ಅವಳೆ ಕಣ್ಲಾ ಸಿದ್ದೇಶ,” ಓಂಕಾರೇಶಣ್ಣ ಕನ್ನಡಿಯಲ್ಲೇ ನೋಡಿ ಹೇಳಿದ. “ಮಾಡೋದೆಲ್ಲ ಮಾಡ್ಬಿಟ್ಟು ಏನೂ ಗೊತ್ತಿಲ್ದಂಗೆ ಕೂತವಳೆ ನೋಡು.”

ನನಗೆ ತಡೆಯಲಾಗಲಿಲ್ಲ. ಟಿಕೆಟ್ ಹರಿದು ಕೊಡುವಾಗ ಬಗ್ಗಿ ಕೇಳಿಯೇಬಿಟ್ಟೆ.

“ಅಲ್ಲ ಕಣ್ರೀ, ದಿನಾ ಕಣ್ಣು ಹೊಡಿತೀರ, ಆಮೇಲೆ ಮುಖಾನೂ ನೋಡಲ್ಲ. ನಾನೇನಂದ್ಕೊಳ್ಳಿ?”

“ಯಾರು, ನಾನಾ? ನಿಮ್ಗಾ?”

“ಇನ್ಯಾರಿಗೆ? ಓಂಕಾರೇಶಣ್ಣಂಗಾ?”

ಅವಳು ನನ್ನ ಮುಖದ ಕಡೆ ಒಂದು ಕ್ಷಣ ದಿಟ್ಟಿಸಿದಳು. ಆಮೇಲೆ ದುಪಟ್ಟಾ ಬಾಯಿಗೆ ಅಡ್ಡ ಹಿಡಿದು ನಗತೊಡಗಿದಳು. ನಗು ದುಪಟ್ಟಾದೊಳಗೆ ನಿಲ್ಲಲಿಲ್ಲ.

“ಅಯ್ಯೋ, ಬೋರ್ಡ್ ಓದ್ತಿದ್ದೆ ಕಣ್ರೀ! ಎರಡೂ ಕಣ್ಣು ಬಿಟ್ರೆ ಒಂದು ಅಜ್ಜಂಪುರ ನಾಲ್ಕು ಅಜ್ಜಂಪುರ ಆಗುತ್ತೆ. ಬಲಗಣ್ಣು ಮುಚ್ಚಿದ್ರೆ ಒಂಚೂರು ನೆಟ್ಟಗಾಗುತ್ತೆ.”

ಹಿಂದಿನ ಸೀಟಿನ ಹೆಂಗಸರೂ ನಕ್ಕರು. ನನ್ನ ಕಿವಿ ಬಿಸಿಯಾಯಿತು. ಉಳಿದ ಟಿಕೆಟ್ಟುಗಳನ್ನು ಯಾರಿಗೆ ಕೊಟ್ಟೆನೋ, ಹಿಂದಿನ ಬಾಗಿಲಿಗೆ ಹೋಗಿ ಅಜ್ಜಂಪುರ ಬರುವವರೆಗೆ ಅಲ್ಲೇ ನಿಂತೆ. ಆದರೂ ಆ ನಗು ಕೇಳಿದ ಮೇಲೆ, ಅವಳು ಬೋರ್ಡು ನೋಡುತ್ತಿದ್ದಳೋ ನನ್ನನ್ನು ನೋಡುತ್ತಿದ್ದಳೋ ಎಂಬುದು ನನಗೆ ಅಂಥ ದೊಡ್ಡ ವಿಷಯವಾಗಿ ಉಳಿಯಲಿಲ್ಲ.

ಮಾರನೆಯ ದಿನದಿಂದ ಅವಳು ಸ್ಟ್ಯಾಂಡಿಗೆ ಕಾಲಿಟ್ಟ ಕೂಡಲೇ ನಾನೇ ಕೂಗುತ್ತಿದ್ದೆ. “ಬೋರ್ಡ್ ಓದ್ಬೇಡಿ, ಇದೇ ಬಸ್ಸು!” ಅವಳು ನಾಚಿಕೊಳ್ಳದೆ “ಯಾವೂರಿಗೆ ಹೋಗುತ್ತೆ?” ಎಂದು ಕೇಳಿ ಹತ್ತುತ್ತಿದ್ದಳು.

ತರೀಕೆರೆಯ ಟೈಲರ್ ಅಂಗಡಿಯೊಂದರಲ್ಲಿ ಸೀರೆಗೆ ಕುಚ್ಚು ಕಟ್ಟುವುದು, ರವಿಕೆಗೆ ಹುಕ್ಕು ಹಾಕುವುದು ಅವಳ ಕೆಲಸ. ಕುಚ್ಚನ್ನು ಬೆರಳೇ ಕಟ್ಟಿಬಿಡುತ್ತಿತ್ತು, ಸೂಜಿಗೆ ದಾರ ಪೋಣಿಸುವುದು ಮಾತ್ರ ಆಗುತ್ತಿರಲಿಲ್ಲ. ಅಂಗಡಿಯಲ್ಲಿ ಯಾರನ್ನಾದರೂ ಕೇಳಿದರೆ ಕಣ್ಣಿನ ಸುದ್ದಿ ಹೊರಬೀಳುತ್ತದೆ. ಹಾಗಾಗಿ ಬೆಳಗಿನ ಟ್ರಿಪ್ಪಿನಲ್ಲಿ ನನ್ನ ಕೈಗೆ ಸೂಜಿಗಳೂ ದಾರದ ಉಂಡೆಯೂ ಬಂದವು. ಗುಂಡಿ ಬಿದ್ದ ರಸ್ತೆಯಲ್ಲಿ, ಕಂಬಕ್ಕೆ ಬೆನ್ನು ಕೊಟ್ಟು, ದಾರದ ತುದಿ ನಾಲಿಗೆಯಲ್ಲಿ ಒದ್ದೆ ಮಾಡಿ ನಾನು ಪೋಣಿಸಿಕೊಡುತ್ತಿದ್ದೆ. ಅವಳು ಅವನ್ನು ದುಪಟ್ಟಾದ ಅಂಚಿಗೆ ಸಾಲಾಗಿ ಚುಚ್ಚಿಟ್ಟುಕೊಳ್ಳುತ್ತಿದ್ದಳು.

ಹಾಗೆ ಒಂದು ಬೆಳಿಗ್ಗೆ ಯಾರ ಮಗಳೆಂದು ಕೇಳಿದೆ.

“ತೆಂಗಿನ ತೋಟದ ಈರಣ್ಣನೋರು ಅಂತಾರಲ್ಲ, ಅವರ ಮಗಳು. ಓದಿದ್ದೆಲ್ಲ ಹೊಸದುರ್ಗದಲ್ಲಿ ಅಜ್ಜಿ ಮನೇಲಿ. ಈಗ ಬಂದಿದ್ದು.”

ನನ್ನ ಕೈಯಲ್ಲಿದ್ದ ಸೂಜಿ ಅಲ್ಲೇ ನಿಂತಿತು. ಈರಣ್ಣನವರ ಮನೆ ಅಂಗಳದವರೆಗೆ ನಾನು ಎಷ್ಟೋ ಸಲ ಹೋಗಿದ್ದೇನೆ. ಹೊಸಿಲಿನಾಚೆ ಏನಿದೆ ಎಂದು ಇವತ್ತಿಗೂ ಗೊತ್ತಿಲ್ಲ. ನಮ್ಮ ಕೇರಿಯವರಲ್ಲಿ ಯಾರಿಗೂ ಗೊತ್ತಿಲ್ಲ.

“ನಮ್ಮಪ್ಪ ನಿಮ್ಮ ತೋಟದಲ್ಲಿ ಕಾಯಿ ಕೀಳ್ತಾರೆ,” ಎಂದೆ. ಮುಚ್ಚಿಡುವುದು ನನಗೆ ಬರುವುದಿಲ್ಲ.

ಅವಳು ನನ್ನ ಕಡೆ ತಿರುಗಿದಳು.

“ಓಬಳಪ್ಪನೋರ ಮಗನಾ ನೀವು?” ಎಂದಳು. ಆಮೇಲೆ, “ಸರಿ. ಸೂಜಿ ಕೊಡಿ, ಸ್ಟಾಪ್ ಬಂತು.”

ಅಪ್ಪನ ಹೆಸರಿಗೆ ‘ನೋರು’ ಸೇರಿಸಿ ಆ ಮನೆಯವರು ಕರೆದಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ನಾನು ಪೂರ್ತಿ ಹಾಳಾದದ್ದು ಅವತ್ತು.

ಅವಳು ಕನ್ನಡಕ ಮಾಡಿಸಲು ಹೋದಾಗಲೆಲ್ಲ ಕಣ್ಣಿನ ನಂಬರ್ ಬೇರೆಯೇ ಬರುತ್ತಿದೆಯೆಂದು ತರೀಕೆರೆಯ ಕನ್ನಡಕದಂಗಡಿಯವರು ಶಿವಮೊಗ್ಗಕ್ಕೆ ಹೋಗಲು ಹೇಳಿದರು. ಅವಳು ಅಂಗಡಿಗೆ ರಜೆ ಹಾಕಿ ಒಬ್ಬಳೇ ಹೋಗಿ ಬಂದಳು. ಅಷ್ಟು ಹೊತ್ತಿಗೆ ನಾವು ‘ರೀ’ ಬಿಟ್ಟಿದ್ದೆವು. ನಾನು ಸಿದ್ದು ಆಗಿದ್ದೆ.

“ಕೆರಟೋಕೋನಸ್ ಅಂತೆ ಸಿದ್ದು,” ವಾಪಸ್ ಬರುವಾಗ ಬಸ್ಸಿನಲ್ಲಿ ಹೇಳಿದಳು. “ಕಣ್ಣಿನ ಮುಂದೆ ಗಾಜಿನ ಥರ ಒಂದು ಪರದೆ ಇರುತ್ತಲ್ಲ, ಕಾರ್ನಿಯಾ. ನಂದು ತೆಳುವಾಗಿ ಮುಂದಕ್ಕೆ ಚೂಪಾಗ್ತಾ ಐತಂತೆ. ಅದಕ್ಕೇ ಒಂದು ನಾಲ್ಕಾಗೋದು.”

“ಕನ್ನಡಕದಲ್ಲಿ ಸರಿ ಹೋಗಲ್ವಾ?”

“ಇಲ್ಲ. ಕ್ರಾಸ್ ಲಿಂಕಿಂಗ್ ಅಂತ ಮಾಡ್ತಾರೆ. ಹಳದಿ ಡ್ರಾಪ್ಸ್ ಹಾಕಿ ನೀಲಿ ಬೆಳಕು ಬಿಡ್ತಾರೆ. ಪರದೆ ಎಳೆಗಳು ಒಂದಕ್ಕೊಂದು ಬಿಗಿ ಆಗ್ತವೆ. ಹಿಂಜಿರೋ ಬಟ್ಟೆಗೆ ರಫು ಹಾಕ್ತೀವಲ್ಲ, ಹಂಗೆ.” ಅವಳು ದುಪಟ್ಟಾದ ಅಂಚು ಹಿಡಿದು ತೋರಿಸಿದಳು. “ಆದ್ರೆ ಬಟ್ಟೆನೇ ತೀರಾ ತೆಳುವಾಗಿಬಿಟ್ರೆ ರಫು ಹಾಕೋಕೂ ಆಗಲ್ಲ. ಬೆಳಕು ಒಳಗೆ ಇಳಿದು ಕಣ್ಣಿಗೇ ಪೆಟ್ಟಾಗುತ್ತಂತೆ. ನನ್ನ ಎಡಗಣ್ಣಲ್ಲೂ ಒಂಚೂರು ಶುರುವಾಗೈತೆ, ಬಲಗಣ್ಣು ಆ ಅಂಚಿಗೇ ಬಂದೈತೆ. ಬೇಗ ಮಾಡಿಸು ಅಂದ್ರು.”

“ಮಾಡಿಸಿದ್ರೆ ಮೊದ್ಲಿನಂಗೆ ಕಾಣುತ್ತಾ?”

“ಹೋಗಿರೋದು ಬರಲ್ಲ. ಇರೋದು ಉಳಿಯುತ್ತೆ ಅಷ್ಟೇ.” ಹಾಗೆ ಹೇಳುತ್ತಲೇ ಬಲಗಣ್ಣನ್ನು ಮುಷ್ಟಿಯಿಂದ ತಿಕ್ಕಿಕೊಂಡಳು. ತಕ್ಷಣ ಕೈ ತೆಗೆದು ನಾಲಿಗೆ ಕಚ್ಚಿಕೊಂಡಳು. “ಉಜ್ಜಲೇಬಾರದು ಅಂದಿದಾರೆ. ಉಜ್ಜಿದ್ರೆ ಇನ್ನೂ ತೆಳುವಾಗುತ್ತೆ. ಆದ್ರೆ ಉಜ್ಜೋವಾಗ ನಂಗೆ ಗೊತ್ತೇ ಆಗಲ್ಲ ಕಣೋ.”

ಗೊತ್ತು ಮಾಡಿಸುವ ಕೆಲಸ ನಾನು ವಹಿಸಿಕೊಂಡೆ. ಬಸ್ಸು ಎಷ್ಟೇ ತುಂಬಿರಲಿ, ಹಿಂದಿನ ಬಾಗಿಲಿನಿಂದ ಅವಳ ಮೊಣಕೈ ಮೇಲೇಳುವುದು ಕಂಡರೆ ಸಾಕು, ಕೂಗುತ್ತಿದ್ದೆ: “ಕೈ! ಕೈ ಒಳಗಿಟ್ಕೊಳ್ಳಿ!” ಕಿಟಕಿಯ ಹೊರಗೆ ಕೈ ಹಾಕಿದ್ದವರೆಲ್ಲ ಗಡಬಡಿಸಿ ಎಳೆದುಕೊಳ್ಳುತ್ತಿದ್ದರು. ಮುಂದಿನ ಸೀಟಿನಲ್ಲಿ ಒಂದು ಕೈ ಮಡಿಲಿಗೆ ಇಳಿಯುತ್ತಿತ್ತು.

“ನನ್ ಕೈ ಮಡ್ಲಾಗೇ ಐತಲ್ಲೋ, ಯಾರಿಗೆ ಬಡ್ಕೋತೀಯ?” ಎಂದು ದಿನಾ ಬರುವ ಈರಭದ್ರಪ್ಪಜ್ಜ ರೇಗುತ್ತಿದ್ದರು. ಮುಂದಿನ ಸೀಟಿನ ಭುಜ ನಗುವಿಗೆ ಅಲುಗುತ್ತಿತ್ತು. ಪ್ರೀತಿಸುತ್ತೇನೆ ಎಂದು ನಾನು ಅವಳಿಗೆ ಯಾವತ್ತೂ ಹೇಳಲಿಲ್ಲ. ಅವಳೂ ಹೇಳಲಿಲ್ಲ. ಇಡೀ ಬಸ್ಸಿಗೆ ಕೇಳುವ ಹಾಗೆ ದಿನಾ ಹೇಳುತ್ತಿದ್ದೆನಲ್ಲ.

ಮನೆಯಲ್ಲಿ ಅವಳು ತಾಯಿ ಸುಲೋಚನಮ್ಮನವರಿಗೆ ಮಾತ್ರ ಕಣ್ಣಿನ ವಿಷಯ ಹೇಳಿದ್ದಳು. ಅವರು ಹೆದರಿಬಿಟ್ಟರು. ಹೊಸದುರ್ಗದ ಕಡೆಯ ಒಂದು ಸಂಬಂಧ ಆಗಲೇ ಮಾತಾಗಿತ್ತು. ‘ಕಣ್ಣಿಗೆ ಆಪರೇಷನ್ ಆದ ಹುಡುಗಿ’ ಎಂದು ಗೊತ್ತಾದರೆ ಮುಗಿಯಿತು ಎಂಬುದು ಅವರ ಲೆಕ್ಕ. ಮದುವೆಯಾದ ಮೇಲೆ ಮಾಡಿಸಿದರಾಯಿತು, ಅಪ್ಪನ ಕಿವಿಗೂ ಹಾಕಬೇಡ ಎಂದರು. ದಿನಾ ರಾತ್ರಿ ಮಗಳನ್ನು ಮಲಗಿಸಿ ಕಣ್ಣಿನ ಮೇಲೆ ನಂದಿಬಟ್ಟಲು ಹೂವಿಟ್ಟು, ತಣ್ಣಗಾದರೆ ಸರಿಹೋಗುತ್ತದೆ ಎಂದು ಪಕ್ಕದಲ್ಲೇ ಕೂತಿರುತ್ತಿದ್ದರಂತೆ. ಕೆಟ್ಟವರಲ್ಲ.

ರಾಗಿ ಕೊಯ್ಲಿನ ಹೊತ್ತಿಗೆ ಮತ್ತೆ ಸ್ಕ್ಯಾನ್ ಆಯಿತು. ಆ ಸಂಜೆ ಅವಳು ಬಸ್ಸು ಹತ್ತಿದವಳು ಟಿಕೆಟ್ಟಿಗೂ ಕೈ ಚಾಚಲಿಲ್ಲ.

“ಇನ್ನೂ ತೆಳುವಾಗಿದೆ. ಸಾಮಾನ್ಯವಾಗಿ ಮಾಡೋ ಥರ ಇನ್ನು ಆಗಲ್ಲ ಅಂದ್ರು. ಪರದೆನ ಸ್ವಲ್ಪ ಉಬ್ಬಿಸೋ ಬೇರೆ ಡ್ರಾಪ್ಸ್ ಐತಂತೆ, ಅದನ್ನ ಹಾಕಿ, ದಪ್ಪ ಅಳೆದು ನೋಡ್ಕೊಂಡು ಮಾಡ್ತಾರಂತೆ. ಇದೂ ದಾಟಿದ್ರೆ ಯಾರಾದ್ರೂ ಸತ್ತೋರ ಕಣ್ಣು ತಂದು ಕೂರಿಸ್ಬೇಕು.”

“ಅಪ್ಪಂಗೆ ಹೇಳು.”

“ಅಮ್ಮನ ಮೇಲೆ ಆಣೆ ಇಟ್ಟಿದೀನಿ ಸಿದ್ದು.”

“ನಾನು ಹೇಳ್ತೀನಿ.”

ಅವಳು ಗಾಬರಿಯಾಗಿ ನನ್ನ ಖಾಕಿ ತೋಳು ಹಿಡಿದುಕೊಂಡಳು. ಬಸ್ಸಿನಲ್ಲಿ ಹಾಗೆ ಹಿಡಿದದ್ದು ಅದೊಂದೇ ಸಲ. “ಬೇಡ. ನೀನು ಬಾಯಿ ಬಿಟ್ರೆ ನಿಂಗೆ ಹೆಂಗೆ ಗೊತ್ತು ಅಂತ ಕೇಳ್ತಾರೆ. ಆಮೇಲೆ ಇದೂ ಇರಲ್ಲ.”

‘ಇದು’ ಎಂದರೆ ಈ ಸೀಟು, ಈ ಸೂಜಿ, ಈ ಕೂಗು. ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಎರಡು ದಿನ ನಾನೂ ಸುಮ್ಮನಿದ್ದೆ. ಮೂರನೆಯ ದಿನ ಅವಳು ಸ್ಟ್ಯಾಂಡಿನಲ್ಲಿ ನಮ್ಮ ಬಸ್ಸಿನ ಎದುರಿಗೇ ನಿಂತು, ಬಲಗಣ್ಣು ಮುಚ್ಚಿ, ಕತ್ತು ಓರೆ ಮಾಡಿ, ಮತ್ತೂ ಓರೆ ಮಾಡಿ, ಕೊನೆಗೆ ಪಕ್ಕದ ಕಡೂರು ಬಸ್ಸಿಗೆ ಹತ್ತಿಬಿಟ್ಟಳು. ಓಡಿಹೋಗಿ ಇಳಿಸಿಕೊಂಡು ಬಂದೆ. ಅವಳು ನಕ್ಕಳು. ನನಗೆ ನಗು ಬರಲಿಲ್ಲ.

ಮರುದಿನ ಬೆಳಿಗ್ಗೆ ಈರಣ್ಣನವರ ತೋಟಕ್ಕೆ ಹೋದೆ. ಅವರೊಬ್ಬರೇ ಕಾಯಿ ಸುಲಿಯುತ್ತಿದ್ದರು.

“ಏನೋ ಸಿದ್ದ, ಬಸ್ ಬಿಟ್ಟು ಇಲ್ಲಿ?”

“ಯಜಮಾನ್ರೇ, ನಿಮ್ಮ ಮಗಳ ಬಲಗಣ್ಣು ಹೋಗ್ತಾ ಐತೆ.”

ನಿಂತಲ್ಲೇ ಎಲ್ಲಾ ಹೇಳಿದೆ. ಅವರು ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟು ಕೂತರು.

“ನಮ್ಮನೆಯೋಳು ಒಂದ್ ಮಾತೂ ಹೇಳ್ಲಿಲ್ವಲ್ಲೋ.”

“ಹೆದರಿಕೊಂಡವ್ರೆ. ಅವ್ರನ್ನ ಬೈಬ್ಯಾಡಿ.”

“ಬಲಗಣ್ಣೇ ಅಂತ ನಿಂಗೆ ಹೆಂಗ್ ಗೊತ್ತು?”

“ಬೋರ್ಡ್ ಓದೋವಾಗ ಅದನ್ನೇ ಮುಚ್ತಾರೆ. ಕತ್ತು ಓರೆ ಮಾಡ್ತಾರೆ. ಬಿಸಿಲಿದ್ರೆ ದುಪಟ್ಟಾ ಹಣೆ ಮೇಲೆ ಎಳ್ಕೋತಾರೆ. ಸೂಜಿ ಪೋಣಿಸೋಕೆ…” ಅಲ್ಲಿಗೆ ನಿಲ್ಲಿಸಿದೆ. ಆಗಲೇ ಹೆಚ್ಚಾಗಿತ್ತು.

ಈರಣ್ಣನವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಹೊಡೆಯುತ್ತಾರೆ ಎಂದುಕೊಂಡೆ. ಹೊಡೆದಿದ್ದರೆ ಸುಲಭವಾಗುತ್ತಿತ್ತು.

“ದಿನಾ ನನ್ನೆದುರಿಗೇ ನಿಂತು ಊಟ ಬಡಿಸ್ತಾಳೆ,” ಎಂದರು. “ಅಪ್ಪ ಅನ್ನಿಸ್ಕೊಂಡ ನಾನು ನೋಡ್ಲಿಲ್ಲ. ನೀನು ನೋಡ್ದೆ.” ಟವೆಲ್ಲಿನಿಂದ ಮುಖ ಒರೆಸಿಕೊಂಡರು. “ಇಷ್ಟು ನೋಡಿದೋನು ಇನ್ ಮ್ಯಾಲೆ ನೋಡಬಾರ್ದು ಕಣಪ್ಪಾ. ಬಸ್ ಬದಲಾಯಿಸ್ಕೊ. ಊರೋರ ಬಾಯಿಗೆ ಬಿದ್ರೆ ನಿಮ್ಮಪ್ಪಂಗೂ ಕಷ್ಟ, ನಂಗೂ ಕಷ್ಟ.”

“ಕಣ್ಣು?”

“ನಾಳೆನೇ ಕರ್ಕೊಂಡ್ ಹೋಗ್ತೀನಿ.”

ಕೇಳಲು ಹೋಗಿದ್ದು ಸಿಕ್ಕಿತ್ತು. ಬೇಲಿ ದಾಟುವವರೆಗೆ ಗಟ್ಟಿಯಾಗಿದ್ದೆ. ಆಮೇಲೆ ಹೊಂಗೆ ಮರದ ಹಿಂದೆ ಕೂತು ಟವೆಲ್ ಕಚ್ಚಿಕೊಂಡು ಅತ್ತುಬಿಟ್ಟೆ.

ನಮ್ಮ ಓನರಿಗೆ ಕಡೂರಿನಿಂದ ಎಮ್ಮೆದೊಡ್ಡಿಗೆ ಇನ್ನೊಂದು ಬಸ್ಸಿತ್ತು. ಅದಕ್ಕೆ ಹೋದೆ. ಕೆಲವು ದಿನಗಳಲ್ಲೇ ಓಂಕಾರೇಶಣ್ಣನೂ ಹಿಂದೆಯೇ ಬಂದ. ‘ಆ ಬೃಂದಾ ನಂಗೆ ಸಾಕಾಗಿದ್ಲು’ ಎಂದ. ನಾನು ಏನೂ ಕೇಳಲಿಲ್ಲ, ಅವನೂ ಕೇಳಲಿಲ್ಲ.

ಚಿಕಿತ್ಸೆಯಾಗಿ ಕಣ್ಣಿನ ಉರಿ ಆರಿದ ಮೇಲೆ ಅವಳ ಫೋನ್ ಬಂತು. ಮೊದಲು ಬೈದಳು.

“ಬೇಡ ಅಂದ್ರೂ ಯಾಕೆ ಹೇಳ್ದೆ? ಯಾರು ಕೇಳಿದ್ರು ನಿನ್ನ?”

“ಕಣ್ಣು ಹೇಗಿದೆ?”

ಬೈಗುಳ ಅಲ್ಲಿಗೆ ನಿಂತಿತು. ಆಮೇಲೆ ನಿಧಾನವಾಗಿ ಹೇಳತೊಡಗಿದಳು. ಉಬ್ಬಿಸುವ ಡ್ರಾಪ್ಸ್ ಹಾಕಿ ಹಾಕಿ ಅಳೆದರಂತೆ. ಸಾಕಷ್ಟು ದಪ್ಪ ಬಂತು ಎಂದು ಡಾಕ್ಟರ್ ಹೇಳುವವರೆಗೆ ಅಪ್ಪ ಬಾಗಿಲ ಹೊರಗೆ ನಿಂತೇ ಇದ್ದರಂತೆ. ಆಮೇಲೆ ನೀಲಿ ಬೆಳಕು. ಅದನ್ನೇ ನೋಡುತ್ತಿರಬೇಕು, ಕಣ್ಣು ಆಡಿಸಬಾರದು.

“ಎಷ್ಟು ಹೊತ್ತು ಅಂತ ನೋಡೋದು? ನಿನ್ನ ಸ್ಟಾಪ್‌ಗಳನ್ನ ಹೇಳ್ಕೊಂಡೆ. ನಿನ್ನ ದನೀಲೇ. ತರೀಕೆರೆಯಿಂದ ಅಂತರಘಟ್ಟೆವರೆಗೂ ಕೂಗ್ಕೊಂಡು ಹೋದೆ, ಮತ್ತೆ ವಾಪಸ್ ಬಂದೆ. ಉರಿ ಶುರುವಾದ್ಮೇಲೂ ಅದೇ. ಕಣ್ಣಿಗೆ ಖಾರದ ಪುಡಿ ಹಾಕಿದಂಗಿತ್ತು ಸಿದ್ದು. ಕೈ ಮೇಲೆ ಹೋಗ್ತಿತ್ತು, ನೀನು ಕೂಗ್ತಿದ್ದೆ, ನಾನು ಇಳಿಸ್ತಿದ್ದೆ.”

ಫೋನನ್ನು ಕಿವಿಗೆ ಇನ್ನೂ ಒತ್ತಿ ಹಿಡಿದೆ.

“ಅಪ್ಪ ಹೊಸದುರ್ಗದೋರಿಗೆ ಎಲ್ಲಾ ಹೇಳ್ಬಿಟ್ರು,” ಎಂದಳು. “ಕಣ್ಣಿನ ವಿಷಯ ಮುಚ್ಚಿಟ್ಟು ಮದುವೆ ಮಾಡಲ್ಲ ಅಂತ ಅವರ ಮನೆಗೇ ಹೋಗಿ.”

ಹಾಗಾದರೆ ಆ ಸಂಬಂಧ ಮುರಿದಿರಬೇಕು ಎಂದುಕೊಂಡೆ. ಆ ಕ್ಷಣದ ಆಸೆಯನ್ನು ಈಗ ನೆನೆದರೂ ನಾಚಿಕೆಯಾಗುತ್ತದೆ.

“ಹುಡುಗ ಏನಂದ ಗೊತ್ತಾ? ಕಣ್ಣು ಉಳೀತಲ್ಲ, ಅಷ್ಟು ಸಾಕು, ನೆಟ್ಟಗೆ ಕಾಣೋ ಲೆನ್ಸ್ ನಾನೇ ಹಾಕಿಸ್ತೀನಿ ಅಂದ್ನಂತೆ. ಕೆಟ್ಟೋನಾದ್ರೂ ಆಗಿರಬಾರ್ದಿತ್ತಾ ಅವ್ನು?”

“ನೀನೇನಂದೆ?”

“ಅಪ್ಪ ಅಲಾರಂ ಇಟ್ಕೊಂಡು ಡ್ರಾಪ್ಸ್ ಹಾಕ್ತಾರೆ. ಕೈ ನಡುಗುತ್ತೆ ಅಂತ ಒಂದು ಕೈನ ಇನ್ನೊಂದು ಕೈಯಿಂದ ಹಿಡ್ಕೋತಾರೆ. ಅದನ್ನ ನೋಡಿದ್ಮೇಲೆ ಬೇಡ ಅನ್ನೋಕೆ ಬಾಯಿ ಬರ್ಲಿಲ್ಲ ಕಣೋ.”

ಓಡಿಹೋಗೋಣ ಬಾ ಎಂದು ನಾನು ಕೇಳಬಹುದಿತ್ತು. ಕೇಳಲಿಲ್ಲ. ನಾವು ಹೋದ ಮೇಲೂ ನಮ್ಮ ಕೇರಿಯ ನಾಲ್ಕು ಮನೆಗಳು ಅದೇ ಊರಿನಲ್ಲಿ ಇರಬೇಕಿತ್ತು, ನನ್ನಪ್ಪ ಅದೇ ತೋಟಕ್ಕೆ ಹೋಗಬೇಕಿತ್ತು. ಅವಳಿಗೂ ಅದು ಗೊತ್ತಿತ್ತು.

ಮದುವೆಗೆ ಸ್ವಲ್ಪ ದಿನ ಮುಂಚೆ, ಒಂದು ಮಧ್ಯಾಹ್ನ, ಕಡೂರು ಸ್ಟ್ಯಾಂಡಿನಲ್ಲಿ ‘ಎಮ್ಮೆದೊಡ್ಡಿ, ಎಮ್ಮೆದೊಡ್ಡಿ’ ಎಂದು ಕೂಗುತ್ತಿದ್ದೆ. ಸಾಸಿವೆ ಬಣ್ಣದ ಚೂಡಿದಾರ ಕಂಡಿತು. ಅವಳು ಎರಡೂ ಕಣ್ಣು ಬಿಟ್ಟು ನೇರವಾಗಿ ಬೋರ್ಡು ನೋಡಿದಳು. ಕತ್ತು ಓರೆಯಾಗಲಿಲ್ಲ. ಯಾರನ್ನೂ ಕೇಳದೆ ನಡೆದು ಬಂದು ಹತ್ತಿದಳು.

“ಗೆಳತಿಗೆ ಕಾರ್ಡ್ ಕೊಟ್ಟು ಬತ್ತೀನಿ ಅಂತ ಹೇಳಿ ಬಂದೆ,” ಎಂದಳು. “ಲೆನ್ಸ್ ಹಾಕಿದಾರೆ. ನಿನ್ನನ್ನ ಒಂದ್ ಸಲ ನೋಡ್ಬೇಕಿತ್ತು.”

ಮುಂದಿನ ಕಿಟಕಿ ಸೀಟಿನಲ್ಲಿ ಕೂತು ನೋಡಿದಳು. ಮಧ್ಯಾಹ್ನದ ಟ್ರಿಪ್ಪಿಗೆ ಜನ ಕಡಿಮೆ. ನಾನು ಟಿಕೆಟ್ ಹರಿಯುವುದನ್ನೂ ಮರೆತು ಎದುರಿಗೆ ನಿಂತೆ. ಅವಳ ನೋಟ ನನ್ನ ಹಣೆಯಿಂದ ಶುರುವಾಗಿ ಹುಬ್ಬು, ಮೂಗು, ಗಲ್ಲ, ಒಂದೊಂದನ್ನೂ ನಿಂತು ನಿಂತು ದಾಟಿತು. ಅಷ್ಟು ದಿನ ಜೊತೆಗಿದ್ದೆವು, ಅವಳು ನನ್ನನ್ನು ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ ಎಂಬುದು ನನಗೆ ಆಗ ಹೊಳೆಯಿತು.

“ಗಲ್ಲದಲ್ಲಿ ಗಾಯದ ಗುರುತೈತೆ.”

“ಚಿಕ್ಕೋನಿದ್ದಾಗ ಬಿದ್ದಿದ್ದು.”

“ನಂಗೆ ಗೊತ್ತೇ ಇರ್ಲಿಲ್ಲ.” ಬೆರಳು ಚಾಚಿದವಳು ಅರ್ಧಕ್ಕೇ ನಿಲ್ಲಿಸಿದಳು. “ನಾನಂದ್ಕೊಂಡಿದ್ದಕ್ಕಿಂತ ಚೆನ್ನಾಗೇ ಇದೀಯ. ದನಿ ಕೇಳಿ ಇನ್ನೂ ಒರಟು ಮುಖ ಅಂದ್ಕೊಂಡಿದ್ದೆ.”

“ಸೂಜಿ ಯಾರು ಪೋಣಿಸಿಕೊಡ್ತಾರೆ ಈಗ?” ನಗಿಸೋಣವೆಂದು ಕೇಳಿದೆ.

“ನಾನೇ ಪೋಣಿಸ್ಕೋತೀನಿ,” ಎಂದಳು.

ಇಬ್ಬರೂ ನಗಲಿಲ್ಲ.

ಊರು ದಾಟಿ ಹುಲ್ಲುಗಾವಲಿನ ಕಾವಲು ಶುರುವಾಯಿತು. ಒಣಗಿದ ಹುಲ್ಲಿನಲ್ಲಿ ಅಮೃತಮಹಲ್ ದನಗಳು ಮೇಯುತ್ತಿದ್ದವು. ಅವಳು ಕಿಟಕಿಯ ಹೊರಗೆ ನೋಡಿದಳು.

“ಕೊಂಬಿನ ತುದಿ ಕಾಣ್ತಾ ಐತೆ ಸಿದ್ದು. ಒಂದೊಂದಕ್ಕೂ ಎರಡೇ ಕೊಂಬು.”

ಕಾವಲಿನ ಅಂಚಿನ ಬೇವಿನ ಮರದ ಹತ್ತಿರ ಇಳಿಯುತ್ತೇನೆ ಎಂದಳು. ಎದುರು ಬಸ್ಸಿಗೆ ಕಡೂರಿಗೆ ವಾಪಸ್ ಹೋಗುವುದು, ಕತ್ತಲಾಗುವುದರೊಳಗೆ ಮನೆ ಸೇರುವುದು. ನಾನು ಸೀಟಿ ಊದಿದೆ. ಬಸ್ಸು ನಿಂತಿತು.

“ಕೂಗ್ತಾ ಇರು,” ಎಂದಳು ಮೆಟ್ಟಿಲ ಮೇಲೆ ನಿಂತು. “ನಂಗೆ ಕೇಳದಿದ್ರೂ.”

ಇಳಿದಳು. ರಸ್ತೆಯಂಚಿಗೆ ಹೋಗಿ ತಿರುಗಿ ನಿಂತಳು. ನಾನು ಬಾಗಿಲಲ್ಲೇ ಇದ್ದೆ. ಅವಳ ಎರಡೂ ಕಣ್ಣು ತುಂಬಿದ್ದವು, ಎರಡೂ ನನ್ನನ್ನೇ ನೋಡುತ್ತಿದ್ದವು. ಅವಳ ಬಲಗೈ ಮೇಲೆದ್ದಿತು. ಮುಷ್ಟಿ ಬಿಗಿಯಾಗಿ ಕಣ್ಣಿನ ಹತ್ತಿರ ಹೋಯಿತು.

“ಕೈ!” ಎಂದು ಕೂಗಿದೆ. ಗಂಟಲು ಹರಿಯುವ ಹಾಗೆ. “ಕೈ ಒಳಗಿಟ್ಕೊಳ್ಳಿ!”

ಬಸ್ಸಿನಲ್ಲಿದ್ದ ನಾಲ್ಕಾರು ಜನ ಬೆಚ್ಚಿಬಿದ್ದು ಕಿಟಕಿಯಿಂದ ಕೈ ಎಳೆದುಕೊಂಡರು. ಅಲ್ಲಿ ಬೇವಿನ ಮರದ ಕೆಳಗೆ ಅವಳ ಕೈ ಮೆಲ್ಲಗೆ ಇಳಿಯಿತು. ನೀರು ಕೆನ್ನೆಯ ಮೇಲೆ ಇಳಿದು ಹೋಗುತ್ತಿತ್ತು. ಅವಳು ಒರೆಸಿಕೊಳ್ಳಲಿಲ್ಲ.

“ರೈಟ್ ಹೇಳೋ ಸಿದ್ದೇಶ,” ಓಂಕಾರೇಶಣ್ಣ ಮುಂದಿನಿಂದ ಮೆತ್ತಗೆ ಅಂದ.

ಸ್ವಲ್ಪ ಹೊತ್ತು ಬೇಕಾಯಿತು. ಹೇಳಿದೆ.